ಬೇಲಿಗೆ ಬಂದ ಹೂವು, ತೋಡಿನ ತೆರ್ಮೆ

ಕೊಡಗಿನ ದಕ್ಷಿಣದ ತುದಿಯಲ್ಲಿರುವ ಊರು ಕುಟ್ಟ. ಒಂದು ಮಗ್ಗುಲಿಗೆ ನಾಗರಹೊಳೆಯ ಕಾಡು, ಇನ್ನೊಂದು ಮಗ್ಗುಲಿಗೆ ಬ್ರಹ್ಮಗಿರಿಯ ಸಾಲು. ಗಡಿ ದಾಟಿದರೆ ಕೇರಳದ ವಯನಾಡು. ನಡುವೆ ಕಾಫಿ ತೋಟಗಳು, ಗದ್ದೆ ಬಯಲುಗಳು, ಅವುಗಳ ಅಂಚಿನಲ್ಲಿ ಹರಿಯುವ ಸಣ್ಣ ಸಣ್ಣ ತೋಡುಗಳು. ಈ ಸೀಮೆಯ ನೆಲವನ್ನು ಮುಚ್ಚಿರುವ ಹಸಿರಿನಲ್ಲಿ ಎರಡೇ ಎರಡು ಗಿಡಗಳನ್ನು ಬಿಡಿಸಿ ನೋಡಿದರೂ ಸಾಕು, ಕಳೆದ ಇನ್ನೂರು ವರ್ಷಗಳಲ್ಲಿ ಇಲ್ಲಿನ ಕಾಡಿಗೆ ಆದದ್ದೇನು ಎಂಬುದು ತಿಳಿಯುತ್ತದೆ.

ಒಂದು ಲಂಟಾನಾ. ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಹೂಗೊಂಚಲು. ಮುಟ್ಟಿದರೆ ಕೈಗೆ ಅಂಟುವ ಘಾಟು ವಾಸನೆ. ಕಾಂಡದ ತುಂಬ ಮುಳ್ಳು. ಇನ್ನೊಂದು ತೆರ್ಮೆ. ಹೂವಿಲ್ಲ, ಕಾಯಿಲ್ಲ, ಬೀಜವೂ ಇಲ್ಲ. ನೀರಿನ ಅಂಚಿನಲ್ಲಿ ಸುರುಳಿ ಸುತ್ತಿಕೊಂಡು ಮೇಲೇಳುವ ಜರೀಗಿಡ ಅದು. ಮೊದಲನೆಯದನ್ನು ಜನ ಅಂದಕ್ಕೆಂದು ದೂರದಿಂದ ತಂದು ನೆಟ್ಟರು. ಎರಡನೆಯದನ್ನು ಯಾರೂ ನೆಡಲಿಲ್ಲ, ಕಿತ್ತು ತಂದು ಪಲ್ಯ ಮಾಡಿ ಉಂಡರು. ನೆಟ್ಟ ಗಿಡ ಇಂದು ಕಾಡನ್ನೇ ಆವರಿಸಿ ನಿಂತಿದೆ. ಉಂಡ ಗಿಡ ತನ್ನ ತೋಡಿನ ಬದಿಯಲ್ಲೇ ಇದೆ, ಕೆಲವೆಡೆ ಅಲ್ಲಿಂದಲೂ ಕಾಣೆಯಾಗುತ್ತಿದೆ. ಹೀಗೇಕೆ ಆಯಿತು?

ಮಳೆಗಾಲದ ಸೊಪ್ಪು

ಕೊಡಗಿನ ಮಳೆಗಾಲದ ಅಡಿಗೆಯಲ್ಲಿ ಪೇಟೆಯಿಂದ ತಂದ ತರಕಾರಿಗಿಂತ ನೆಲ ತಾನಾಗಿ ಕೊಟ್ಟದ್ದಕ್ಕೇ ಹಿಂದೆ ಹೆಚ್ಚಿನ ಜಾಗವಿತ್ತು. ಬಿದಿರ ಕಣಿಲೆ, ಅಣಬೆ, ಕೆಸು, ತೆರ್ಮೆ ಇವೆಲ್ಲ ಆ ಪಟ್ಟಿಗೆ ಸೇರಿದವು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಗದ್ದೆ ಕೆಲಸ ಬಿಡುವಿಲ್ಲದೆ ನಡೆಯುತ್ತದೆ, ಮಳೆ ಬಿಡದೆ ಸುರಿಯುತ್ತದೆ. ಆ ತಿಂಗಳ ಹದಿನೆಂಟನೆಯ ದಿನ ಮದ್ದು ತೊಪ್ಪಿನ ಪಾಯಸ ಮಾಡುವ ಪದ್ಧತಿ ಇಂದಿಗೂ ಮನೆಮನೆಯಲ್ಲಿ ಉಳಿದಿದೆ. ತೆರ್ಮೆಗೆ ಇಂಥ ಹಬ್ಬದ ದಿನವೇನೂ ಇಲ್ಲ. ಮಳೆ ಬಿದ್ದು ತೋಡಿನ ದಂಡೆ ನೆನೆದಾಗ ಅದು ಚಿಗುರುತ್ತದೆ. ಇನ್ನೂ ಬಿಚ್ಚಿಕೊಳ್ಳದ ಎಳೆಯ ಸುರುಳಿಗಳನ್ನು ಚಿವುಟಿ ತಂದು, ಮೇಲಿನ ಕಂದು ರೋಮವನ್ನು ಉಜ್ಜಿ ತೊಳೆದು, ಈರುಳ್ಳಿ ಹಸಿಮೆಣಸಿನೊಂದಿಗೆ ಬೇಯಿಸಿ ಅಕ್ಕಿರೊಟ್ಟಿಯ ಜೊತೆ ತಿನ್ನುತ್ತಾರೆ.

ಕೊಡವರ ಮನೆಗಳಲ್ಲಷ್ಟೇ ಅಲ್ಲ, ತೋಟದ ಲೈನ್ ಮನೆಗಳಲ್ಲಿ, ಹಾಡಿಗಳಲ್ಲಿ ವಾಸಿಸುವ ಎರವರು ಮತ್ತು ಕುರುಬರ ಊಟದಲ್ಲೂ ಕಾಡಿನ ಸೊಪ್ಪಿಗೆ ದೊಡ್ಡ ಪಾಲಿದೆ. ದುಡಿಮೆಯಿಲ್ಲದ ಮಳೆಯ ದಿನಗಳಲ್ಲಿ ಕಾಸು ಕೊಡದೆ ಸಿಗುವ ಆಹಾರ ಅದು. ಗಡಿಯಾಚೆಯ ವಯನಾಡಿನಲ್ಲಿ ಇದೇ ಜರಿಗೆ ಚುರುಳಿ ಎಂಬ ಹೆಸರು. ಸುರುಳಿ ಎಂಬ ನಮ್ಮ ಪದದ ನಂಟು ಅದರಲ್ಲಿ ಕೂಡಲೇ ಕಾಣುತ್ತದೆ.

ಇದರ ಸಸ್ಯಶಾಸ್ತ್ರೀಯ ಹೆಸರು ಡಿಪ್ಲೇಜಿಯಂ ಎಸ್ಕ್ಯುಲೆಂಟಮ್. ಸ್ವೀಡನ್ನಿನ ಸಸ್ಯವಿಜ್ಞಾನಿ ರೆಟ್ಜಿಯಸ್ 1791ರಲ್ಲಿ ಇದನ್ನು ಮೊದಲು ವರ್ಣಿಸಿದ. ಎಸ್ಕ್ಯುಲೆಂಟಮ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ತಿನ್ನಲು ಯೋಗ್ಯವಾದುದು’ ಎಂದೇ ಅರ್ಥ. ಅಸ್ಸಾಮಿನಲ್ಲಿ ಢೆಕಿಯಾ, ಹಿಮಾಚಲದಲ್ಲಿ ಲಿಂಗಡ್, ಮಲೇಷ್ಯಾದಲ್ಲಿ ಪಾಕು, ಫಿಲಿಪೀನ್ಸಿನಲ್ಲಿ ಪಾಕೋ ಎಂದು ಕರೆಸಿಕೊಂಡು ಏಷ್ಯಾದ ಉದ್ದಗಲಕ್ಕೂ ಇದು ಅಡಿಗೆಮನೆ ಸೇರಿದೆ. ಎಲ್ಲ ಜರೀಗಿಡಗಳೂ ಹೀಗೆ ತಿನ್ನುವಂಥವಲ್ಲ. ಬಯಲು ಬೆಟ್ಟಗಳಲ್ಲಿ ಬೆಳೆಯುವ ಬ್ರ್ಯಾಕನ್ ಎಂಬ ಜರಿಯಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕವಿದೆ. ಯಾವುದನ್ನು ಕೀಳಬೇಕು, ಎಷ್ಟು ಎಳೆಯದಿರುವಾಗ ಕೀಳಬೇಕು, ಹೇಗೆ ಬೇಯಿಸಬೇಕು ಎಂಬ ತಿಳಿವಳಿಕೆ ತಾಯಿಯಿಂದ ಮಗಳಿಗೆ ದಾಟುತ್ತ ಬಂದಿದೆ.

ಹೂವು ಬಂದ ದಾರಿ

ಲಂಟಾನಾದ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣ ಪ್ರದೇಶ. 17ನೇ ಶತಮಾನದಲ್ಲಿ ಡಚ್ಚರು ಅದನ್ನು ಯೂರೋಪಿನ ತೋಟಗಳಿಗೆ ತಂದರು. ಲಿನೇಯಸ್ 1753ರಲ್ಲಿ ಅದಕ್ಕೆ ಲಂಟಾನಾ ಕಮಾರಾ ಎಂದು ಹೆಸರಿಟ್ಟ. ಬೇರೆ ಬೇರೆ ಜಾತಿಗಳನ್ನು ಕೂಡಿಸಿ, ಹೆಚ್ಚು ಬಣ್ಣ ಕೊಡುವ, ಹೆಚ್ಚು ಹೂ ಬಿಡುವ, ಗಟ್ಟಿಯಾಗಿ ಬೆಳೆಯುವ ತಳಿಗಳನ್ನು ಅಲ್ಲಿನ ತೋಟಗಾರರು ಹುಟ್ಟಿಸಿದರು. ಆದ್ದರಿಂದ ಇಂದು ನಮ್ಮ ಕಾಡುಗಳಲ್ಲಿರುವ ಲಂಟಾನಾ ಪ್ರಕೃತಿಯ ನೇರ ಸೃಷ್ಟಿಯಲ್ಲ. ಅದು ಮನುಷ್ಯ ಕೈಯಾರೆ ಬೆರಸಿ ಬೆಳೆಸಿದ ಸಂಕರ.

ಭಾರತಕ್ಕೆ ಅದು ಕಾಲಿಟ್ಟದ್ದು 19ನೇ ಶತಮಾನದ ಮೊದಲ ದಶಕದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನದ ಮೂಲಕ. ಅಲಂಕಾರದ ಗಿಡವಾಗಿ ಬಂದದ್ದು ಬೇಲಿಯ ಗಿಡವಾಗಿ ಹರಡಿತು. ದನ ತಿನ್ನದ, ನೀರು ಕೇಳದ, ವರ್ಷವಿಡೀ ಹೂ ಬಿಡುವ ಬೇಲಿ ಯಾರಿಗೆ ಬೇಡ? ಬಂಗಲೆಗಳ ಸುತ್ತ, ದಂಡು ಪ್ರದೇಶಗಳಲ್ಲಿ, ತೋಟಗಳ ಅಂಚಿನಲ್ಲಿ ಅದು ಬೇರೂರಿತು.

ಇದೇ ಶತಮಾನದಲ್ಲಿ ಬ್ರಿಟನ್ನಿನ ಮಧ್ಯಮ ವರ್ಗಕ್ಕೆ ಜರೀಗಿಡಗಳ ಹುಚ್ಚು ಹಿಡಿದಿತ್ತು. ಗಾಜಿನ ಪೆಟ್ಟಿಗೆಗಳಲ್ಲಿ ದೇಶವಿದೇಶದ ಜರಿಗಳನ್ನು ಬೆಳೆಸುವುದು ಅಲ್ಲಿನ ಮನೆಗಳಲ್ಲಿ ಪ್ರತಿಷ್ಠೆಯ ಸಂಗತಿ. ಲೇಖಕ ಚಾರ್ಲ್ಸ್ ಕಿಂಗ್ಸ್‌ಲಿ 1855ರಲ್ಲಿ ಈ ಗೀಳಿಗೆ ‘ಟೆರಿಡೋಮೇನಿಯಾ’ ಎಂಬ ಹೆಸರನ್ನೇ ಕೊಟ್ಟ. ದಕ್ಷಿಣ ಭಾರತದ ಜರಿಗಳನ್ನು ಶಾಸ್ತ್ರೀಯವಾಗಿ ದಾಖಲಿಸುವ ಕೆಲಸವೂ ಆಗಲೇ ನಡೆಯಿತು. ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ರಿಚರ್ಡ್ ಹೆನ್ರಿ ಬೆಡೋಮ್ ‘ದಿ ಫರ್ನ್ಸ್ ಆಫ್ ಸದರ್ನ್ ಇಂಡಿಯಾ’ ಗ್ರಂಥವನ್ನು 1863-64ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಬೆಲೆಯುಳ್ಳ ಕೃತಿ.

ಹೀಗೆ ಒಂದೇ ಕಾಲದಲ್ಲಿ ಎರಡು ಪ್ರಯಾಣಗಳು ನಡೆದವು. ಅಮೆರಿಕದ ಹೂವು ಇಲ್ಲಿನ ಬೇಲಿಗೆ ಬಂತು, ಏಷ್ಯಾದ ಜರಿಗಳು ಅಲ್ಲಿನ ಗಾಜಿನ ಪೆಟ್ಟಿಗೆಗೆ ಹೋದವು. ಎರಡನ್ನೂ ಮೆಚ್ಚಿದ್ದು ನೋಡುವ ಕಣ್ಣು. ಆದರೆ ಗಾಜಿನೊಳಗಿನ ಜರಿ ಗಾಜಿನೊಳಗೇ ಉಳಿಯಿತು. ಬೇಲಿಯ ಹೂವು ಬೇಲಿ ದಾಟಿತು.

ಕಾಫಿ, ಕೊಡಲಿ ಮತ್ತು ಬಿಸಿಲು

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಪದಚ್ಯುತಗೊಳಿಸಿ ಕಂಪೆನಿ ಸರಕಾರ ರಾಜ್ಯವನ್ನು ವಶಪಡಿಸಿಕೊಂಡಿತು. ಇಪ್ಪತ್ತು ವರ್ಷಗಳ ನಂತರ, 1854ರಲ್ಲಿ, ಮಡಿಕೇರಿಯ ಬಳಿ ಫೌಲರ್ ಎಂಬ ಯೂರೋಪಿಯನ್ ಮೊದಲ ಕಾಫಿ ಎಸ್ಟೇಟ್ ತೆರೆದ. ನೋಡುನೋಡುತ್ತಿದ್ದಂತೆ ಬೆಟ್ಟಗಳ ಕಾಡು ಕಾಫಿಗಾಗಿ ಉರುಳತೊಡಗಿತು. ದಕ್ಷಿಣ ಕೊಡಗಿನ ಬಿದಿರು ಸೀಮೆಗೂ ಕಾಫಿ ಹಬ್ಬಿತು. 1860ರ ದಶಕದಲ್ಲಿ ಕಾಂಡಕೊರಕ ಹುಳು, ಅದರ ಬೆನ್ನಿಗೆ ಎಲೆ ತುಕ್ಕು ರೋಗ ಬಂದು ಅನೇಕ ತೋಟಗಳು ಹಾಳುಬಿದ್ದವು.

ಲಂಟಾನಾಗೆ ಬೇಕಿದ್ದದ್ದು ಇದೇ. ದಟ್ಟ ನೆರಳಿನ ಕಾಡಿನೊಳಗೆ ಅದು ಸೊರಗುತ್ತದೆ. ಮರ ಉರುಳಿ ಬಿಸಿಲು ನೆಲಕ್ಕೆ ಬಿದ್ದಲ್ಲಿ, ಕಡಿದು ಬಿಟ್ಟಲ್ಲಿ, ದಾರಿ ಕೊರೆದಲ್ಲಿ, ತೋಟ ಮಾಡಿ ಕೈಬಿಟ್ಟಲ್ಲಿ ಅದು ಹುಲುಸಾಗಿ ಏಳುತ್ತದೆ. ಅದರ ಕಪ್ಪು ಹಣ್ಣುಗಳನ್ನು ಪಿಕಳಾರದಂಥ ಹಕ್ಕಿಗಳು ತಿಂದು ಬೀಜವನ್ನು ದೂರ ದೂರ ಉದುರಿಸುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನೆಲ ಮುಟ್ಟಿದ ಕೊಂಬೆಯೂ ಬೇರು ಬಿಡುತ್ತದೆ. ಎಲೆಯಲ್ಲಿರುವ ಲ್ಯಾಂಟಡೀನ್ ಎಂಬ ವಿಷ ದನಗಳ ಯಕೃತ್ತನ್ನು ಕೆಡಿಸುವುದರಿಂದ ಮೇಯುವ ಪ್ರಾಣಿಗಳೂ ಅದರಿಂದ ದೂರ. ಒಮ್ಮೆ ಪೊದೆ ಕಟ್ಟಿಕೊಂಡಿತೆಂದರೆ ಅದರಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ಮರದ ಸಸಿ ಮೇಲೇಳುವುದಿಲ್ಲ.

20ನೇ ಶತಮಾನದ ಆರಂಭಕ್ಕೆ ಕೊಡಗಿನ ಅರಣ್ಯಾಧಿಕಾರಿಗಳಿಗೆ ಇದು ತಲೆನೋವಾಗಿತ್ತು. ಎಚ್. ಟೈರ್ಮನ್ ಎಂಬ ಅಧಿಕಾರಿ ಕೊಡಗಿನ ಕಾಡುಗಳಲ್ಲಿನ ಲಂಟಾನಾವನ್ನೇ ವಿಷಯವಾಗಿಸಿಕೊಂಡು 1916ರಲ್ಲಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಲೇಖನ ಬರೆದರು. ಶ್ರೀಗಂಧದ ಮರಗಳನ್ನು ಒಣಗಿಸುವ ಸ್ಪೈಕ್ ರೋಗ ಮೊದಲು ಪತ್ತೆಯಾದದ್ದೂ ಕೊಡಗಿನಲ್ಲೇ, 1899ರಲ್ಲಿ. ಆ ರೋಗಕ್ಕೂ ಲಂಟಾನಾ ಹಬ್ಬಿದ್ದಕ್ಕೂ ಸಂಬಂಧವಿದೆಯೇ ಎಂಬ ಚರ್ಚೆ ಕೆಲಕಾಲ ಬಿಸಿಯಾಗಿ ನಡೆಯಿತು. ಸರಕಾರದ ಬೊಕ್ಕಸಕ್ಕೆ ಗಂಧ ಎಷ್ಟು ಮುಖ್ಯವಾಗಿತ್ತೆಂದು ನೆನೆದರೆ ಈ ಆತಂಕ ಅರ್ಥವಾಗುತ್ತದೆ.

ಕೀಟಗಳ ದಂಡು

ಲಂಟಾನಾ ತನ್ನ ತವರಿನಲ್ಲಿ ಇಷ್ಟು ಪುಂಡಾಟ ಮಾಡುವುದಿಲ್ಲ. ಅದನ್ನು ತಿನ್ನುವ ಕೀಟಗಳು ಅಲ್ಲಿವೆ. ಹಾಗಾದರೆ ಆ ಕೀಟಗಳನ್ನೂ ತಂದು ಬಿಟ್ಟರೆ? ಹವಾಯಿ ದ್ವೀಪಗಳ ಸರಕಾರ 1902ರಲ್ಲಿ ಹೀಗೇ ಯೋಚಿಸಿತು. ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ ಮೆಕ್ಸಿಕೋಗೆ ಹೋಗಿ ಲಂಟಾನಾ ತಿನ್ನುವ ಕೀಟಗಳನ್ನು ಹುಡುಕಿ ಕಳುಹಿಸಿದ. ಕಳೆಯೊಂದನ್ನು ಕೀಟಗಳಿಂದ ಹತೋಟಿಗೆ ತರುವ ಯತ್ನದಲ್ಲಿ ಜಗತ್ತಿನ ಮೊದಲಿಗರ ಸಾಲಿಗೆ ಅದು ಸೇರಿತು.

ಭಾರತದಲ್ಲಿ ಕೀಟಶಾಸ್ತ್ರಜ್ಞ ವೈ. ರಾಮಚಂದ್ರ ರಾವ್ ಲಂಟಾನಾ ಮೇಲೆ ಬದುಕುವ ಇಲ್ಲಿನ ಕೀಟಗಳನ್ನು ಹುಡುಕಿ 1920ರಲ್ಲಿ ವಿವರವಾದ ವರದಿ ಪ್ರಕಟಿಸಿದರು. ಗಿಡವನ್ನು ಮಣಿಸುವಂಥ ಕೀಟ ಇಲ್ಲಿ ಸಿಗಲಿಲ್ಲ. 1921ರಲ್ಲಿ ಹವಾಯಿಯಿಂದ ಬೀಜ ಕೊರೆಯುವ ನೊಣ, 1941ರಲ್ಲಿ ಆಸ್ಟ್ರೇಲಿಯಾದಿಂದ ಎಲೆ ಹೀರುವ ತಿಗಣೆಯನ್ನು ತರಿಸಲಾಯಿತು. ಗಿಡ ಒಂದಿಷ್ಟು ಬಾಡಿತು, ಮಳೆ ಬಂದೊಡನೆ ಮತ್ತೆ ಚಿಗುರಿತು.

ಈ ಸೋಲಿನ ಕಾರಣ ತಿಳಿಯಲು ಇನ್ನೊಂದು ಜರಿಯ ಕಥೆ ನೆರವಾಗುತ್ತದೆ. ಜರೀಗಿಡಗಳೆಲ್ಲ ತೆರ್ಮೆಯಂತೆ ಸಾಧುವಲ್ಲ. ಬ್ರೆಜಿಲ್ ಮೂಲದ ಸಾಲ್ವಿನಿಯಾ ಎಂಬ ನೀರಿನ ಮೇಲೆ ತೇಲುವ ಜರಿ ಕೇರಳದ ಹಿನ್ನೀರು, ಗದ್ದೆಗಳನ್ನು ಮುಚ್ಚಿಹಾಕಿ ದೋಣಿ ಸಾಗದಂತೆ ಮಾಡಿತ್ತು. ಅಲ್ಲಿನವರು ಅದನ್ನು ‘ಆಫ್ರಿಕನ್ ಪಾಯಲ್’ ಎಂದು ಶಪಿಸುತ್ತಿದ್ದರು. ಅದನ್ನು ತಿನ್ನುವ ಸಿರ್ಟೊಬೇಗಸ್ ಎಂಬ ಸಣ್ಣ ಮೂತಿಹುಳುವನ್ನು ತರಿಸಿ 1983-84ರಲ್ಲಿ ಬೆಂಗಳೂರಿನ ತಾವರೆ ಕೊಳವೊಂದರಲ್ಲಿ ಬಿಡಲಾಯಿತು. ವರ್ಷ ತುಂಬುವುದರೊಳಗೆ ಕೊಳ ತಿಳಿಯಾಯಿತು. ಬಳಿಕ ಕೇರಳದಲ್ಲೂ ಅದೇ ಹುಳು ಗೆದ್ದಿತು.

ಎರಡರ ನಡುವಿನ ವ್ಯತ್ಯಾಸ ಇಷ್ಟೇ: ಸಾಲ್ವಿನಿಯಾ ಬೀಜಕಣಗಳಿಂದ ವಂಶ ಬೆಳೆಸಲಾರದು, ತುಂಡು ತುಂಡಾಗಿ ಹಬ್ಬುತ್ತದೆ. ಆದ್ದರಿಂದ ಎಲ್ಲ ಗಿಡಗಳೂ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಒಂದನ್ನು ತಿನ್ನಬಲ್ಲ ಹುಳು ಎಲ್ಲವನ್ನೂ ತಿನ್ನಬಲ್ಲದು. ಲಂಟಾನಾ ಹಾಗಲ್ಲ. ತೋಟಗಾರರು ಬೆರಸಿದ ಹತ್ತಾರು ತಳಿಗಳು ಅದರಲ್ಲಿ ಕಲೆತಿವೆ. ಒಂದು ತಳಿಯನ್ನು ಒಗ್ಗಿಸಿಕೊಂಡ ಕೀಟಕ್ಕೆ ಪಕ್ಕದ ಪೊದೆ ಒಗ್ಗುವುದಿಲ್ಲ. ಅಂದಕ್ಕಾಗಿ ಮಾಡಿದ ಬೆರಕೆಯೇ ಅದಕ್ಕೆ ರಕ್ಷಾಕವಚವಾಯಿತು.

ಬೆಂಕಿ, ಕಾಯಿದೆ, ಹಾಡಿ

ಕಾಡಿನಲ್ಲಿ ಬದುಕುವವರು ಲಂಟಾನಾ ಹಬ್ಬಿದ್ದಕ್ಕೆ ಇನ್ನೊಂದು ಕಾರಣ ಹೇಳುತ್ತಾರೆ. ಬಿಳಿಗಿರಿರಂಗನಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ‘ತರಗು ಬೆಂಕಿ’ ಎಂದೇ ಅದರ ಹೆಸರು. ನೆಲಮಟ್ಟದಲ್ಲಿ ಸಾಗುವ ಈ ಬೆಂಕಿ ಮರಗಳನ್ನು ಸುಡದೆ ಪೊದೆಯ ಸಸಿಗಳನ್ನು ಮಾತ್ರ ಸುಡುತ್ತಿತ್ತು. ಅರಣ್ಯ ಕಾಯಿದೆಗಳು ಅದನ್ನು ನಿಲ್ಲಿಸಿದ ಮೇಲೆ ಲಂಟಾನಾ ಹಿಡಿತಕ್ಕೆ ಸಿಗಲಿಲ್ಲ ಎಂಬುದು ಅವರ ಅನುಭವ. ಅಲ್ಲಿ ನಡೆದ ಸಮೀಕ್ಷೆಯ ಪ್ರಕಾರ 1997ರಲ್ಲಿ ಶೇ. 41ರಷ್ಟು ತಾಣಗಳಲ್ಲಿದ್ದ ಲಂಟಾನಾ 2008ರ ಹೊತ್ತಿಗೆ ಶೇ. 81ರಷ್ಟು ತಾಣಗಳಲ್ಲಿ ಕಾಣಿಸಿಕೊಂಡಿತ್ತು. ಈಗ ಬೆಂಕಿ ಇಡುವುದೂ ಸುಲಭವಲ್ಲ. ಆಳೆತ್ತರ ಬೆಳೆದು ಒಣಗಿದ ಪೊದೆಗೆ ಕಿಡಿ ತಾಗಿದರೆ ಜ್ವಾಲೆ ಮರದ ತಲೆಗೇರುತ್ತದೆ.

ಕುಟ್ಟದ ಪಕ್ಕದ ನಾಗರಹೊಳೆಗೂ ಇಂಥದೇ ಚರಿತ್ರೆಯಿದೆ. 1955ರಲ್ಲಿ ವನ್ಯಧಾಮ, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆ ಎಂದು ಕಾಡಿನ ರಕ್ಷಣೆ ಹಂತ ಹಂತವಾಗಿ ಬಿಗಿಯಾಯಿತು. ಹುಲಿ, ಆನೆಗಳ ಸಂತತಿ ಉಳಿದದ್ದರಲ್ಲಿ ಇದರ ಪಾಲು ದೊಡ್ಡದು. ಆದರೆ ಕಾಡಿನೊಳಗೆ ಗೆಡ್ಡೆ, ಜೇನು, ಸೊಪ್ಪು ಆಯುತ್ತಿದ್ದ ಜೇನುಕುರುಬರು, ಬೆಟ್ಟಕುರುಬರು, ಎರವರ ಪೈಕಿ ಅನೇಕರು ಹೊರಗೆ ಬರಬೇಕಾಯಿತು. ಮನುಷ್ಯರನ್ನು ತಡೆದ ಬೇಲಿ ಲಂಟಾನಾವನ್ನು ತಡೆಯಲಿಲ್ಲ. ಭಾರತದಲ್ಲಿ ಅದು ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಅರಣ್ಯವನ್ನು, ಎಂದರೆ ಹುಲಿಗಳ ನೆಲೆಯ ಸುಮಾರು ಶೇ. 40 ಭಾಗವನ್ನು ಆವರಿಸಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಜಿಂಕೆಗೆ ಹುಲ್ಲಿಲ್ಲದಿದ್ದರೆ ಹುಲಿಗೆ ಜಿಂಕೆಯಿಲ್ಲ. ಆನೆಗೆ ಮೇವಿಲ್ಲದಿದ್ದರೆ ಅದು ತೋಟಕ್ಕೆ ಇಳಿಯುತ್ತದೆ. ಈ ಎರಡನೆಯ ಮಾತಿನ ಅರ್ಥವನ್ನು ಕುಟ್ಟ, ಶ್ರೀಮಂಗಲದ ಬೆಳೆಗಾರರಿಗೂ ಕೂಲಿಕಾರರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಜರಿಯ ಪಾಡು

ತೆರ್ಮೆ ಏಕೆ ಹೀಗೆ ಹಬ್ಬಲಿಲ್ಲ? ಜನ ತಿಂದದ್ದರಿಂದ ಅದು ಮಿತಿಯಲ್ಲಿ ಉಳಿಯಿತೆಂದು ಹೇಳಿದರೆ ಪೂರ್ತಿ ಸರಿಯಾಗದು. ಅದನ್ನು ಕಟ್ಟಿಹಾಕಿರುವುದು ನೀರು. ಜರಿಗಳು ಹೂಗಿಡಗಳಿಗಿಂತ ಬಹು ಹಳೆಯ ಕುಲ. ಅವುಗಳ ಪೂರ್ವಜರು ಭೂಮಿಯ ಮೇಲೆ 35 ಕೋಟಿ ವರ್ಷಗಳ ಹಿಂದೆಯೇ ಇದ್ದರು. ಎಲೆಯ ಬೆನ್ನಿನಿಂದ ಉದುರುವ ಧೂಳಿನಂಥ ಬೀಜಕಣ ಮೊಳೆತು ಸಣ್ಣ ಹಸಿರು ಬಿಲ್ಲೆಯಾಗುತ್ತದೆ. ಅದರ ಮೇಲೆ ನೀರಿನ ಪದರವಿದ್ದರೆ ಮಾತ್ರ ಗಂಡು ಕಣ ಈಜಿ ಹೆಣ್ಣನ್ನು ಸೇರಬಲ್ಲದು. ಬಿಸಿಲಿಗೆ ಒಣಗಿದ ನೆಲದಲ್ಲಿ ಆ ಕೂಡಿಕೆ ನಡೆಯುವುದಿಲ್ಲ. ಲಂಟಾನಾ ಇದಕ್ಕೆ ಹೊರತು. ಚಿಟ್ಟೆಗಳು ಅದರ ಹೂವಿಗೆ ಮುತ್ತುತ್ತವೆ, ಹಳದಿಯಾಗಿ ಅರಳಿದ ಹೂವು ದಿನ ಕಳೆದಂತೆ ಕೆಂಪಾಗಿ ಮಕರಂದ ಮುಗಿಯಿತೆಂದು ಸೂಚಿಸುತ್ತದೆ, ಬಳಿಕ ಹಣ್ಣನ್ನು ಹಕ್ಕಿ ಹೊರುತ್ತದೆ. ನೆಲ ಒಣಗಿದರೂ ಅದರ ವಂಶ ನಿಲ್ಲದು.

ಆದ್ದರಿಂದ ತೋಡಿನ ಬದಿಯಲ್ಲಿ ತೆರ್ಮೆ ಹುಲುಸಾಗಿದ್ದರೆ ಆ ತೋಡಿನಲ್ಲಿ ನೀರೂ ತಂಪೂ ಉಳಿದಿವೆ ಎಂದೇ ಅರ್ಥ. ಗದ್ದೆಗಳು ಪಾಳು ಬಿದ್ದಾಗ, ಅವುಗಳ ಜಾಗದಲ್ಲಿ ಬೇರೆ ಬೆಳೆಯೋ ಕಟ್ಟಡವೋ ಬಂದಾಗ, ತೋಡಿನ ದಂಡೆಯನ್ನು ಕೆರೆದು ನೇರ ಮಾಡಿದಾಗ, ತೋಟದಲ್ಲಿ ಕತ್ತಿಯ ಬದಲು ಕಳೆನಾಶಕ ಸಿಂಪಡಿಸಿದಾಗ ಮೊದಲು ಮಾಯವಾಗುವ ಗಿಡಗಳಲ್ಲಿ ಇದೂ ಒಂದು. ಔಷಧಿ ಸಿಂಪಡಿಸಿದ ತೋಡಿನಲ್ಲಿ ಉಳಿದ ಸೊಪ್ಪನ್ನು ಕೀಳಲು ತಿಳಿದವರು ಹಿಂಜರಿಯುತ್ತಾರೆ. ತಿಳಿಯದವರು ಕೀಳುತ್ತಾರೆ. ಮಳೆಗಾಲದ ಪುಕ್ಕಟೆ ಊಟ ಹೀಗೆ ಕೈತಪ್ಪಿದಾಗ ಅದರ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ ಆದಿವಾಸಿಗಳ ಹಕ್ಕಿಗೆ ಮಾನ್ಯತೆ ಕೊಟ್ಟಿದೆ. ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು, ಆಯಲು ಸೊಪ್ಪೂ ಇರಬೇಕು. ಲಂಟಾನಾ ಮುಚ್ಚಿದ ಕಾಡಿನಲ್ಲಿ ಕಾಲುದಾರಿಯೇ ಕಾಣದಿರುವಾಗ, ಪೊದೆಯ ಮರೆಯಲ್ಲಿ ಆನೆಯಿದೆಯೋ ಇಲ್ಲವೋ ತಿಳಿಯದಿರುವಾಗ ಸೊಪ್ಪಿಗೆ ಹೋಗುವ ಧೈರ್ಯ ಯಾರಿಗಿದೆ?

ಕಿತ್ತದ್ದು ಕೆಲಸಕ್ಕೆ

ಲಂಟಾನಾವನ್ನು ಪೂರ್ತಿ ನಿರ್ಮೂಲ ಮಾಡುವ ಆಸೆಯನ್ನು ತಜ್ಞರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಬುಡ ಸಮೇತ ಕಿತ್ತು, ಆ ಜಾಗದಲ್ಲಿ ಹುಲ್ಲು ಮತ್ತು ನಾಡಮರಗಳು ನೆಲೆಗೊಳ್ಳುವವರೆಗೆ ವರ್ಷ ವರ್ಷವೂ ಕಾಯುವುದೊಂದೇ ಈಗಿರುವ ದಾರಿ. ಕಿತ್ತದ್ದಕ್ಕೆ ಬೆಲೆ ಬಂದರೆ ಕೀಳುವ ಕೈಗೂ ಕೂಲಿ ಗಿಟ್ಟುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನಾ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಬೆತ್ತದಂತೆ ಬಾಗಿಸಿ ಕುರ್ಚಿ ಮೇಜು ಮಾಡಲು ಕಲಿತರು. ನೀಲಗಿರಿಯ ಗೂಡಲೂರಿನ ಬೆಟ್ಟಕುರುಬ, ಪಣಿಯ ಕುಶಲಕರ್ಮಿಗಳು ಅದೇ ಕಡ್ಡಿಯಲ್ಲಿ ನೈಜ ಗಾತ್ರದ ಆನೆಗಳನ್ನು ಕಟ್ಟಿದರು. 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನ ಅವನ್ನು ಮುಗಿಬಿದ್ದು ನೋಡಿದರು. ಕಾಡಿನ ಆನೆಯ ಮೇವು ಕಸಿದ ಗಿಡವೇ ಆನೆಯ ರೂಪ ತಳೆದು, ತನ್ನನ್ನು ಅಲಂಕಾರಕ್ಕೆಂದು ಬೆಳೆಸಿದ ಯೂರೋಪಿನ ಉದ್ಯಾನಕ್ಕೆ ಮರಳಿದಂತಾಯಿತು.

ಇಷ್ಟಾದರೂ ಪಾಠ ಕಲಿತಂತೆ ಕಾಣುವುದಿಲ್ಲ. ಕುಟ್ಟದ ಆಚೆಗಿನ ವಯನಾಡಿನ ಕಾಡುಗಳಲ್ಲಿ ಇಂದು ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರ ದಟ್ಟವಾಗಿ ಹಬ್ಬುತ್ತಿದೆ. ನಾಗರಹೊಳೆ, ಬಂಡೀಪುರಗಳಲ್ಲೂ ಕಾಣಿಸಿಕೊಂಡಿದೆ. ಅದರ ತವರೂ ಉಷ್ಣ ಅಮೆರಿಕವೇ. ಅದನ್ನು ತಂದು ನೆಟ್ಟದ್ದೂ ನೆರಳಿಗೆ ಮತ್ತು ಅಂದಕ್ಕೆ.

ಹೊಸ ಗಿಡವೊಂದನ್ನು ತರುವಾಗ ಅದರ ಹೂವಿನ ಬಣ್ಣ ಎಂಥದು ಎಂದು ಕೇಳುವ ಮೊದಲು ಅದನ್ನು ಇಲ್ಲಿ ಯಾರು ತಿನ್ನುತ್ತಾರೆ ಎಂದು ಕೇಳಬೇಕಾಗಿದೆ. ಇರುವ ಗಿಡವೊಂದನ್ನು ಕಳೆಯೆಂದು ಕೆರೆದು ಹಾಕುವ ಮೊದಲೂ ಅದೇ ಪ್ರಶ್ನೆ ಕೇಳಬಹುದು. ಮೊದಲ ಪ್ರಶ್ನೆಯನ್ನು ಕೇಳದಿದ್ದುದರ ಫಲ ನಾಗರಹೊಳೆಯ ತುಂಬ ಹರಡಿದೆ. ಎರಡನೆಯದನ್ನು ಕೇಳಲು ಕುಟ್ಟದ ತೋಡುಗಳ ಬದಿಯಲ್ಲಿ ಇನ್ನೂ ಕಾಲ ಮಿಂಚಿಲ್ಲ.